ಬಸರೀಕೊಪ್ಪದ ವಸ್ತಿ ಬಸ್ಸು

ಹುಬ್ಬಳ್ಳಿಯ ಮನೆಯಿಂದ ಹೊರಟ ಮಧ್ಯಾಹ್ನ ಮಳೆ ಬರುತ್ತದೋ ಇಲ್ಲವೋ ನನಗೆ ತಿಳಿಯಲಿಲ್ಲ. ಛತ್ರಿ ಹಿಡಿದು ಬಾಗಿಲು ದಾಟಿದೆ, ವಾಪಸ್ಸು ಬಂದು ಇಟ್ಟೆ, ಮತ್ತೆ ತೆಗೆದುಕೊಂಡೆ.

"ಒಂದ ಛತ್ರಿಗೆ ಇಷ್ಟ ವಿಚಾರ ಮಾಡ್ತೀರಿ, ಸರ್ಕಾರಕ್ಕ ಹೆಂಗ ಪ್ರಶ್ನಿ ಕೇಳ್ತೀರಿ?" ಎಂದಳು ಹೆಂಡತಿ.

ಕೇಳುವವನು ನಾನಲ್ಲ, ನಮ್ಮ ಶಾಸಕರು. ಅವರು ವಿಧಾನಸಭೆಯಲ್ಲಿ ಕೇಳುವ ಪ್ರಶ್ನೆಗಳನ್ನು ಬರೆದುಕೊಡುವುದು ನನ್ನ ಕೆಲಸ. ಕೆರೆ, ಶಾಲೆ, ಆಸ್ಪತ್ರೆ, ಬಸ್ಸು, ವಿಷಯ ಯಾವುದೇ ಇರಲಿ, "ಸರ್ಕಾರದ ಗಮನಕ್ಕೆ ಬಂದಿದೆಯೇ" ಎಂದು ಮುಗಿಸುವುದು ನನಗೆ ನೀರು ಕುಡಿದಷ್ಟು ಸುಲಭ.

ಆದರೆ ಕಳೆದ ಅಧಿವೇಶನದಲ್ಲಿ ಒಂದು ಪ್ರಶ್ನೆ ನಮಗೇ ತಿರುಗಿ ಬಿತ್ತು. ಅಮ್ಮಿನಬಾವಿಯ ಆಚೆ ಬಸರೀಕೊಪ್ಪ ಎಂಬ ಸಣ್ಣ ಊರಿದೆ. ಅಲ್ಲಿಗೆ ಸೊಸೆಯಾಗಿ ಬಂದ ರೇಣುಕಾ ಧಾರವಾಡದಲ್ಲಿ ಬಿ.ಇಡಿ. ಓದುತ್ತಿದ್ದಾಳೆ. ಬೆಳಿಗ್ಗೆ ಊರಿಗೆ ಬಸ್ಸಿಲ್ಲದೆ ಪಾಠ ತಪ್ಪುತ್ತಿವೆ, ಹಾಜರಾತಿ ಕಡಿಮೆ ಬಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂದು ಅವಳು ಶಾಸಕರ ಮುಂದೆ ನಿಂತು ಹೇಳಿದ್ದಳು. ಬಸರೀಕೊಪ್ಪಕ್ಕೆ ಬಸ್ಸಿಲ್ಲದಿರುವುದು ಗಮನಕ್ಕೆ ಬಂದಿದೆಯೇ ಎಂದು ನಾನು ಬರೆದೆ. ಆ ಊರಿಗೆ ದಿನಾ ಸಂಜೆ ವಸ್ತಿ ಬಸ್ಸು ಹೋಗುತ್ತದೆ, ರಾತ್ರಿ ಅಲ್ಲೇ ತಂಗಿ ಬೆಳಿಗ್ಗೆ ಧಾರವಾಡಕ್ಕೆ ಹೊರಡುತ್ತದೆ ಎಂದು ಉತ್ತರ ಬಂತು. ಸಭೆಯಲ್ಲಿ ನಗೆ ಎದ್ದಿತಂತೆ. ಶಾಸಕರ ಮುಖ ಕೆಂಪಾಯಿತಂತೆ.

"ಆ ಹುಡುಗಿ ಸುಳ್ಳ ಹೇಳಾಕತ್ತಾಳೋ, ಸರ್ಕಾರ ಸುಳ್ಳ ಹೇಳಾಕತ್ತೈತೋ, ನೀವ ಹೋಗಿ ನೋಡಿ ಬರ್ರಿ" ಎಂದು ಅವರು ನನ್ನನ್ನು ಕಳಿಸಿದರು.

ಧಾರವಾಡದವರೆಗೆ ಎ.ಸಿ. ಬಸ್ಸಿನಲ್ಲಿ ತಣ್ಣಗೆ ಕುಳಿತು ಹೋದೆ. ಉಣಕಲ್ ಕೆರೆಯ ಮೇಲೆ ಮೋಡ ಕಟ್ಟಿತ್ತು; ಅಮರಗೋಳ ದಾಟುವಾಗ ಬಿಸಿಲು ಬಿದ್ದಿತ್ತು. ಧಾರವಾಡದ ನಿಲ್ದಾಣದಲ್ಲಿ ಗಿರ್ಮಿಟ್ ತಿಂದು, ಚಹಾ ಕುಡಿದು, ಬಸರೀಕೊಪ್ಪದ ಬಸ್ಸು ಇರಲಾರದು ಎಂದುಕೊಂಡೇ ಹುಡುಕಿದೆ. ಬಸ್ಸು ಕಣ್ಣ ಮುಂದೆಯೇ ನಿಂತಿತ್ತು, ದಪ್ಪ ಅಕ್ಷರದ ಬೋರ್ಡು ಹಾಕಿಕೊಂಡು.

"ಬಸರೀಕೊಪ್ಪಕ್ಕ ಹೋಗ್ತೈತೇನ್ರಿ?" ಎಂದು ಕಂಡಕ್ಟರನನ್ನು ಕೇಳಿದೆ.

"ಬೋರ್ಡ ಓದಾಕ ಬರ್ತೈತಿಲ್ರಿ? ದಿನಾ ಹೋಗ್ತೈತ್ರಿ."

ಹೆಣ್ಣುಮಕ್ಕಳು ಪುಕ್ಕಟೆ ಟಿಕೆಟು ಪಡೆದು ಕಿಟಕಿಯ ಪಕ್ಕ ಕುಳಿತರು. ನಾನು ದುಡ್ಡು ಕೊಟ್ಟು ಅಮ್ಮಿನಬಾವಿಯವರೆಗೆ ನಿಂತೆ. ಅಲ್ಲಿ ಸೀಟು ಸಿಕ್ಕಿತು, ಸಮಾಧಾನ ಸಿಗಲಿಲ್ಲ. ಬಸ್ಸು ಇದೆಯೆಂದರೆ ರೇಣುಕಾ ಶಾಸಕರ ಮುಂದೆ ಯಾಕೆ ಸುಳ್ಳು ಹೇಳಬೇಕು?

ಬಸರೀಕೊಪ್ಪದ ಚಾವಡಿಯ ಮುಂದೆ ಬಸ್ಸು ನಿಂತಾಗ ದೀಪ ಹಚ್ಚುವ ಹೊತ್ತು. ನಾನು ಬರುವ ಸುದ್ದಿ ಮೊದಲೇ ಮುಟ್ಟಿದ್ದರಿಂದ ರೇಣುಕಾಳ ಮಾವ ಕಾಯುತ್ತಿದ್ದರು. ಊರ ಹಿರಿಯರಲ್ಲಿ ಒಬ್ಬರು, ಬಿಳಿ ಮೀಸೆ, ಗಟ್ಟಿ ದನಿ. ನಾವೆಲ್ಲ ಇಳಿಯುತ್ತಲೇ ಬಸ್ಸು ನಿಲ್ಲದೆ ಊರು ದಾಟಿ ಹೋಯಿತು.

"ಬಸ್ ಎಲ್ಲಿಗೆ ಹೊಂಟಿತ್ರಿ?" ಎಂದೆ.

"ವಸ್ತಿಗೆ ಹೋತ್ರಿ."

"ವಸ್ತಿ ಈ ಊರಾಗ ಅಲ್ಲೇನ್ರಿ?"

"ಈ ಊರಾಗ ರೀ. ಊರ ಹೊರಗ."

"ಮುಂಜಾನಿ ಇಲ್ಲಿಗೆ ಬರ್ತೈತೇನ್ರಿ?"

"ಇಲ್ರಿ."

"ಯಾಕ್ರಿ?"

"ಮೊದಲ ಉಣ್ಣಾಕ ಏಳ್ರಿ" ಎಂದು ಅವರು ನನ್ನ ಚೀಲ ಎತ್ತಿಕೊಂಡು ನಡೆದೇಬಿಟ್ಟರು.

ಅವರ ಮನೆ ಮೇಗಿನ ಓಣಿಯಲ್ಲಿ. ಬಿಸಿ ರೊಟ್ಟಿ, ಝುಣಕ, ಎಣ್ಣೆಗಾಯಿ, ಗಟ್ಟಿ ಮೊಸರು. ಸಾಕು ಎಂದು ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ರೊಟ್ಟಿ ಬೀಳುತ್ತಿತ್ತು. ಹೊಟ್ಟೆ ಬಿರಿಯೆ ಉಂಡು ಏಳುವಷ್ಟರಲ್ಲಿ ಬಾಗಿಲಲ್ಲಿ ಕೆಳಗಿನ ಓಣಿಯ ಹಿರಿಯರೊಬ್ಬರು ನಿಂತಿದ್ದರು.

"ಮ್ಯಾಗಿನ ಓಣ್ಯಾಗ ಉಂಡು ನಮ್ಮ ಓಣ್ಯಾಗ ಉಣ್ಣದ ಹ್ವಾದ್ರ ನಮ್ಮ ಮರ್ಯಾದಿ ಏನ ಉಳೀತ್ರಿ?"

ರೇಣುಕಾಳ ಮಾವನ ಮೀಸೆ ಕುಣಿಯಿತು. ಜಗಳ ಬೇಡವೆಂದು ನಾನು ಎದ್ದು ಹೋಗಿ ಎರಡನೆಯ ಸಲವೂ ಉಂಡೆ. ಅಲ್ಲಿ ಶೇಂಗಾ ಹೋಳಿಗೆ ಬೇರೆ. ಬಸ್ಸಿನ ಮಾತು ತೆಗೆದಾಗಲೆಲ್ಲ ಎಲೆಗೆ ತುಪ್ಪ ಬಿತ್ತು. ಬಂದ ಕೆಲಸವೇನು, ಮಾಡುತ್ತಿರುವುದೇನು ಎಂದು ನನಗೇ ತಿಳಿಯದೆ ಮೇಗಿನ ಓಣಿಗೆ ಮರಳಿ ಮಲಗಿದೆ.

ಬೆಳಿಗ್ಗೆ ಏಳುವಷ್ಟರಲ್ಲಿ ಮಳೆ ಬಂದು ಹೋಗಿತ್ತು. ರೇಣುಕಾ ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತಿದ್ದಳು. "ನಡೀರಿ ಸರ್, ಬಸ್ ಊರ ಹೊರಗ ಸೀಮಿ ಹಣಮಪ್ಪನ ಗುಡಿ ಹತ್ರ ನಿಂತಿರ್ತೈತಿ. ಚಪ್ಲಿ ತಗೀರಿ, ಇಲ್ಲಂದ್ರ ಎರಿ ಮಣ್ಣಾಗ ಉಳೀತಾವ."

ನಡೆದೆವು. ಎರೆ ಮಣ್ಣು ಪಾದಕ್ಕೆ ಮೆತ್ತಿ, ಒಂದೊಂದು ಕಾಲನ್ನೂ ಕಿತ್ತು ಇಡಬೇಕಾಗಿತ್ತು. ನಾನು ಎರಡು ಸಲ ಜಾರಿದೆ. ಮಳೆ ಜೋರಾದ ದಿನ ಈ ದಾರಿ ತುಳಿಯುವುದೇ ಆಗುವುದಿಲ್ಲ, ಆ ದಿನ ಪಾಠ ಹೋದಂತೆಯೇ ಎಂದಳು.

"ಬಸ್ಸು ಊರೊಳಗ ಯಾಕ ನಿಂದ್ರೂದಿಲ್ಲವಾ?" ಎಂದು ಕೊನೆಗೂ ಕೇಳಿದೆ.

"ಮೊದಲ ಚಾವಡಿ ಮುಂದನ ನಿಂದ್ರತಿತ್ರಿ. ಡ್ರೈವರ್, ಕಂಡಕ್ಟರ್‌ಗೆ ಊಟ ಊರಾನವ್ರ ಹಾಕ್ಬೇಕು, ಹಂಗ ಪದ್ಧತಿ. ಮ್ಯಾಗಿನ ಓಣಿಯವ್ರು ಹೋಳಿಗಿ ಮಾಡಿದ್ರ ಕೆಳಗಿನ ಓಣಿಯವ್ರು ಎರಡ ಥರದ ಹೋಳಿಗಿ ಮಾಡೂದು. ಇವ್ರ ಮನ್ಯಾಗ ಚಾ ಕುಡದ್ರ ಅವ್ರು ಮಾತ ಬಿಡೂದು. ಬೀಗರು ಬೀಗರ ಹೊಡದಾಡೂ ಮಟ ಬಂತ್ರಿ. ಕಡೀಕ ಹಿರ್ಯಾರು ಕೂತು, ಬಸ್ ಊರ ಸೀಮ್ಯಾಗ ನಿಲ್ಲಲಿ, ಮುಂಜಾನಿ ಊರಿಗೆ ತಿರುಗಿ ಬರೂದ ಬ್ಯಾಡ, ಮುಂದಿನ ಊರ ಮ್ಯಾಲೆ ಹಾದು ಹೋಗಲಿ ಅಂತ ನ್ಯಾಯ ಮಾಡಿದ್ರು. ಆ ನ್ಯಾಯ ಮಾಡಿದವ್ರಾಗ ನಮ್ಮ ಮಾವನೂ ಒಬ್ರು."

ನಾನು ಕೆಸರಿನಲ್ಲಿ ನಿಂತುಬಿಟ್ಟೆ. ಸರ್ಕಾರ ಹೇಳಿದ್ದೂ ಖರೆ, ಇವಳು ಹೇಳಿದ್ದೂ ಖರೆ. ಇಷ್ಟು ವರ್ಷ ಪ್ರಶ್ನೆ ಬರೆದ ನನಗೆ ಇದನ್ನು ಯಾವ ಇಲಾಖೆಗೆ ಕೇಳಬೇಕೆಂಬುದು ಹೊಳೆಯಲಿಲ್ಲ.

"ನಿಮ್ಮ ಮಾವಗ ಹೇಳಬಾರದೇನವಾ?"

"ಹೇಳೇನ್ರಿ. ಊರ ಮರ್ಯಾದಿ ದೊಡ್ಡದೋ ನಿನ್ನ ಸಾಲಿ ದೊಡ್ಡದೋ ಅಂದ್ರು. ಪರೀಕ್ಷಾಕ್ಕ ಕೂಡಸಲಿಲ್ಲಂದ್ರ ಮನ್ಯಾಗ ಕುಂಡ್ರು ಅಂತಾರ." ಚಪ್ಪಲಿಯನ್ನು ಇನ್ನೊಂದು ಕೈಗೆ ಬದಲಿಸಿ ಅವಳು ನಡಿಗೆ ಚುರುಕು ಮಾಡಿದಳು.

ಗುಡಿಯ ಹತ್ತಿರ ಬಸ್ಸು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. "ಇವತ್ತ ನಿಮ್ಮ ಸಲುವಾಗಿ ತಡದೇವ್ರಿ ಸಾಹೇಬ್ರ. ದಿನಾ ಆಗೂದಿಲ್ಲ, ಮುಂದಿನ ಊರಾಗ ಮಂದಿ ಕಾಯ್ತಿರ್ತಾರ" ಎಂದ ಕಂಡಕ್ಟರ್.

"ನೀವು ಮನಿಯಿಂದ ಡಬ್ಬಿ ತಂದು ಊರೊಳಗ ನಿಲ್ಲಬಾರದೇನ್ರಿ?"

"ಊರೊಳಗ ನಿಲ್ಲೂವಾಗ ಒಮ್ಮಿ ತಂದಿದ್ವಿರಿ. ನಮ್ಮೂರಾಗ ರೊಟ್ಟಿಗೇನ ಬರ ಬಂದೈತೇನು ಅಂತ ಎರಡೂ ಓಣಿಯವ್ರು ಕೂಡಿ ಸಿಟ್ಟಾದ್ರು. ಅದೊಂದ ವಿಷಯದಾಗ ಒಗ್ಗಟ್ಟು ನೋಡ್ರಿ."

ಬಸ್ಸು ಮುಂದಿನ ಊರು ಸುತ್ತಿ ಧಾರವಾಡ ಮುಟ್ಟಿತು. ರೇಣುಕಾಳ ಕಾಲೇಜಿನ ಹತ್ತಿರ ನಾನೂ ಅವಳ ಜೊತೆ ಇಳಿದೆ. ಅಷ್ಟರಲ್ಲಿ ಶಾಸಕರ ಫೋನು.

"ಏನ್ರೀ, ಬಸ್ ಐತೋ ಇಲ್ಲೋ?"

"ಐತ್ರಿ ಸಾಹೇಬ್ರ. ಆದ್ರ ಇಲ್ರಿ." ಅವರು ಬೈಯುವ ಮೊದಲೇ ಎರಡು ಊಟವೂ ಝುಣಕದ ರುಚಿಯೂ ಸೇರಿ ಎಲ್ಲ ಹೇಳಿ ಮುಗಿಸಿದೆ.

"ಹಂಗಾರ ಇದು ಸಭಾದಾಗ ಕೇಳೂದಲ್ಲ. ನಾನ ಐತವಾರ ಅಲ್ಲಿಗೆ ಹೋಗಿ ಹಿರ್ಯಾರ್ನ ಕೂಡಿಸಿ ಮಾತಾಡ್ತೇನಿ" ಎಂದರು. ನನಗೆ ಜೀವ ಬಂದಂತಾಯಿತು. ಆಮೇಲೆ ಕೇಳಿದರು: "ಅಂದ ಹಾಂಗ, ನನ್ನ ಊಟ ಯಾರ ಮನ್ಯಾಗ ಇಡಸ್ತೀರಿ?"

ಮೇಗಿನ ಓಣಿ ಎನ್ನಲೇ, ಕೆಳಗಿನ ಓಣಿ ಎನ್ನಲೇ? ಪಕ್ಕದಲ್ಲಿ ನಿಂತಿದ್ದ ರೇಣುಕಾಳಿಗೆ ಎಲ್ಲ ಕೇಳಿಸಿತ್ತು. ಅವಳು ಫೋನಿನ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದಳು: "ಡಬ್ಬಿ ತರ್ರಿ ಸಾಹೇಬ್ರ. ಚಾವಡ್ಯಾಗ ಎಲ್ಲಾರ ಮುಂದ ಕೂತು ನಿಮ್ಮ ಡಬ್ಬ್ಯಾಗಿಂದ ಉಣ್ರಿ. ಆಮ್ಯಾಲೆ ಡ್ರೈವರ್ ಡಬ್ಬಿ ತಂದ್ರ ಯಾರ್ ಏನ್ ಅಂತಾರ?"

"ಯಾರ್ದ್ರೀ ಅದು ಧ್ವನಿ?" ಎಂದರು ಶಾಸಕರು.

"ಪ್ರಶ್ನಿ ಕೇಳಿದವ್ರದ್ರಿ" ಎಂದೆ.

ಅವರು, "ಅಲ್ಲಿ ಝುಣಕ ಭಾಳ ಛಲೋ ಇತ್ತಂದ್ರೆಲ್ರಿ..." ಎಂದು ರಾಗ ತೆಗೆದರು. ಆಮೇಲೆ ನಿಟ್ಟುಸಿರು ಬಿಟ್ಟು, "ಆತು, ಮನ್ಯಾಗ ರೊಟ್ಟಿ ಕಟ್ಟಾಕ ಹೇಳ್ತೇನಿ" ಎಂದರು.

ಅದನ್ನು ಹೇಳಲು ತಿರುಗಿದರೆ ರೇಣುಕಾ ಅಲ್ಲಿರಲಿಲ್ಲ. ಹಾಜರಿ ಕೂಗುವ ಹೊತ್ತಾಗಿತ್ತು. ಕೆಸರು ಮೆತ್ತಿದ ಕಾಲು ತೊಳೆಯಲೂ ನಿಲ್ಲದೆ, ಚಪ್ಪಲಿ ಇನ್ನೂ ಕೈಯಲ್ಲೇ ಹಿಡಿದುಕೊಂಡು, ಅವಳು ಕಾಲೇಜಿನ ಮೆಟ್ಟಿಲು ಹತ್ತಿ ಓಡುತ್ತಿದ್ದಳು.