ಹಿಮ್ಮಡಿಗೆ ಬಿದ್ದ ಒದೆ

ಭಾನುವಾರ, ಬೆಳಿಗ್ಗೆ ಆರೂವರೆ. ಹರಿಹರದ ನಮ್ಮ ಬಡಾವಣೆಯ ಮೈದಾನ. ಅಲ್ಲಿದ್ದವರು ಮೂವರು: ನಾನು, ನನ್ನ ಯಜಮಾನರು, ನನ್ನ ಜೊತೆ ಓಡುವ ಟೈಲರ್ ಶಕೀಲಾ.

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದು ನಿವೃತ್ತಳಾದವಳು ನಾನು. ವಯಸ್ಸು ಅರವತ್ನಾಲ್ಕು. ವಾರವಿಡೀ ನಡಿಗೆ, ಭಾನುವಾರ ಮಾತ್ರ ಗೋಲ್‌ಪೋಸ್ಟಿನಿಂದ ಬೇವಿನ ಮರದವರೆಗೆ ಜೋರು ಓಟ. ಸೋತವರು ಪಡ್ಡು ತಿನ್ನಿಸಬೇಕು.

ಮೈ ಬಿಸಿ ಮಾಡುವ ವ್ಯಾಯಾಮವನ್ನು ಮನೆಯಲ್ಲೇ ಐದೂವರೆಗೆ ಮುಗಿಸಿಬಿಡುವುದು ನನ್ನ ಪದ್ಧತಿ. ಅಂದು ಶಕೀಲಾ ಯಾರದೋ ಮದುವೆಯ ಬ್ಲೌಸ್ ಕೊಟ್ಟು ಬರುವುದು ತಡವಾಯಿತು. ನಾನು ತಣ್ಣನೆಯ ಕಲ್ಲುಬೆಂಚಿನ ಮೇಲೆ ಕುಳಿತೇ ಇದ್ದೆ. ಅವಳು ಗೇಟಿನಲ್ಲಿ ಕಂಡಾಗ ನೇರ ಎದ್ದು ಹೋಗಿ ಓಟ ಶುರು ಮಾಡುವ ಜಾಗದಲ್ಲಿ ನಿಂತೆ. ವ್ಯಾಯಾಮ ಆಗಿತ್ತಲ್ಲ. ಒಮ್ಮೆ ಮುಗಿದ ಕೆಲಸವನ್ನು ಮತ್ತೆ ಮಾಡಿ ನನಗೆ ಅಭ್ಯಾಸವಿಲ್ಲ.

ಅವಳು ಬರುವುದರೊಳಗೆ ಕಾಲು ಹೇಗಿದೆ ನೋಡೋಣವೆಂದು ನಾಲ್ಕು ಹೆಜ್ಜೆ ಜೋರಾಗಿ ಓಡಿದೆ.

ಯಾರೋ ಹಿಂದಿನಿಂದ ಎಡ ಹಿಮ್ಮಡಿಗೆ ಒದ್ದರು.

ಬಿದ್ದೆ. ಬಿದ್ದಲ್ಲಿಂದಲೇ ಕೂಗಿದೆ: “ಯಾಕೆ ಒದ್ದಿ ಶಕೀಲಾ?”

“ನಾನೆಲ್ಲಿ ಒದ್ದೆ ಅಕ್ಕಾ? ಇನ್ನೂ ಗೇಟ್ ಹತ್ರ ಲೇಸ್ ಕಟ್ತಾ ಇದೀನಿ. ನನ್ನ ಕಾಲೇನು ರಬ್ಬರ್ರಾ?”

ಹಿಂದೆ ಯಾರೂ ಇರಲಿಲ್ಲ.

ಯಜಮಾನರು ಬಂದು ಕೈ ಹಿಡಿದರು. “ಉಳುಕೈತೆ ಅಷ್ಟೇ. ನಡಿ, ಎಣ್ಣೆ ಹಚ್ಚಿ ತಿಕ್ಕಿಸೋಣ.”

ಶಕೀಲಾ ಅಷ್ಟರಲ್ಲಿ ನನ್ನ ಕಾಲ ಬಳಿ ಕುಳಿತಿದ್ದಳು. “ತಿಕ್ಕೋದು ಬ್ಯಾಡ್ರಿ ಭಾವ. ಇಲ್ ನೋಡ್ರಿ, ಹಿಮ್ಮಡಿ ಮ್ಯಾಲೆ ಗುಂಡಿ ಬಿದ್ದೈತೆ.”

ನೋವು ಹೆಚ್ಚಿರಲಿಲ್ಲ. ಹೆದರಿಕೆಯೂ ಬರಲಿಲ್ಲ. ದಾವಣಗೆರೆಗೆ ಕಾರಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡುತ್ತಿದ್ದೆ. ಬೇರೆ ಯಾರನ್ನೋ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆ, ನಾನು ಜೊತೆಗೆ ಹೊರಟಿದ್ದೇನೆ ಅನ್ನಿಸುತ್ತಿತ್ತು.

ಡಾಕ್ಟರು ನನ್ನನ್ನು ಬೋರಲು ಮಲಗಿಸಿ ಎರಡೂ ಕಾಲಿನ ಮೀನಖಂಡ ಒತ್ತಿದರು. ಬಲಪಾದ ಅಲುಗಿತು. ಎಡಪಾದ ಅಲುಗಲಿಲ್ಲ. ಆಮೇಲೆ ಸ್ಕ್ಯಾನಿಂಗ್ ಆಯಿತು.

“ಅಕಿಲಿಸ್ ಟೆಂಡನ್, ಅಂದ್ರೆ ಮೀನಖಂಡಾನ ಹಿಮ್ಮಡಿಗೆ ಸೇರಿಸೋ ಹುರಿ, ಪೂರ್ತಿ ಕಟ್ ಆಗಿದೆ. ತಿಕ್ಕಿಸದೆ ಬಂದ್ರಲ್ಲ, ಒಳ್ಳೇದಾಯ್ತು. ಆಪರೇಷನ್ ಇಲ್ದೆ ಬರೀ ಪ್ಲಾಸ್ಟರ್ ಹಾಕಿದ್ರೂ ವಾಸಿಯಾಗಿ ನಡೀಬಹುದು. ಆಪರೇಷನ್ ಮಾಡಿದ್ರೆ ಮತ್ತೆ ಹರಿಯೋ ಸಂಭವ ಕಡಿಮೆ. ಆದ್ರೆ ನಿಮಗೆ ಶುಗರ್ ಇದೆ, ಗಾಯ ಮಾಯೋದು ತಡ ಆಗಬಹುದು. ಮತ್ತೆ ಓಡೋ ವಿಚಾರ ಇದೆಯಾ?”

“ಈ ವಯಸ್ಸಿನಾಗೆ ಓಡಿ ಎಲ್ಲಿಗ್ ಹೋಗ್ಬೇಕ್ರಿ ಡಾಕ್ಟ್ರೇ” ಎಂದರು ಯಜಮಾನರು.

“ಓಡೋರು ಅಕ್ಕ. ಅವ್ರನ್ನ ಕೇಳ್ರಿ ಭಾವ” ಎಂದಳು ಶಕೀಲಾ.

ಯೋಚಿಸಿ ಹೇಳುತ್ತೇನೆಂದೆ. ಡಾಕ್ಟರು ಸಂಜೆ ಫೋನ್ ಮಾಡಿ ತಿಳಿಸಲು ಹೇಳಿ, ಕಾಲಿಗೆ ಅರ್ಧ ಪ್ಲಾಸ್ಟರ್ ಕಟ್ಟಿ ಕಳಿಸಿದರು.

ಮನೆಯಲ್ಲಿ ಕಾಲನ್ನು ದಿಂಬಿನ ಮೇಲಿಟ್ಟು ಮಧ್ಯಾಹ್ನವೆಲ್ಲ ಅದೇ ಯೋಚನೆ. ವಯಸ್ಸಾದ ಮೇಲೆ ಜೋರು ಓಟ ಸುಲಭವಲ್ಲ. ಮನಸ್ಸು ಹೊರಟ ಎಷ್ಟೋ ಹೊತ್ತಿಗೆ ಕಾಲು ಹೊರಡುತ್ತದೆ. ಉಸಿರು ಹಿಂದೆಯೇ ಉಳಿಯುತ್ತದೆ. ಭಾನುವಾರದ ಓಟದ ನೋವು ಬುಧವಾರದವರೆಗೂ ತೊಡೆಯಲ್ಲಿರುತ್ತದೆ. ಇಷ್ಟಾದರೂ ಓಡುತ್ತಿದ್ದೆ. ನಡೆಯುವಾಗ ಒಂದು ಕಾಲು ಯಾವಾಗಲೂ ನೆಲದ ಮೇಲಿರಬೇಕು. ಓಡುವಾಗ ಎರಡೂ ಕಾಲು ನೆಲ ಬಿಟ್ಟಿರುವ ಒಂದು ಗಳಿಗೆ ಬರುತ್ತದೆ. ಇಡೀ ಜೀವಮಾನ ಬೇರೆಯವರ ಮಕ್ಕಳನ್ನು ಕಾದ ನನಗೆ, ಯಾರನ್ನೂ ಕಾಯಬೇಕಿಲ್ಲದ ಗಳಿಗೆ ಅದೊಂದೇ ಆಗಿತ್ತು.

ಸಂಜೆ ಯಜಮಾನರು ಫೋನ್ ತಂದು ಕೈಗಿಟ್ಟರು. ತಾವು ಮಾತಾಡಲಿಲ್ಲ. ಅದಕ್ಕೆ ಅವರಿಗೆ ಋಣಿ.

“ಆಪರೇಷನ್ ಮಾಡ್ರಿ” ಎಂದೆ.

“ಮತ್ತೆ ಜೋರಾಗಿ ಓಡ್ತೀರಿ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ ಮೇಡಂ.”

“ಗೊತ್ತು.”

ಧೈರ್ಯ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬರಬೇಕೆಂದರು.

ಊಟವಾದ ಮೇಲೆ ಯಜಮಾನರು ಹಾಲಿನ ಪಾತ್ರೆಯನ್ನು ಮಂಚದ ಬಳಿ ತಂದರು. ಬೆರಳದ್ದಿ ನೋಡಿದೆ, ಹದವಾಗಿತ್ತು. ನಾಳೆ ಮೊಸರು ನನಗೆ ಬೇಡ, ಅವರಿಗೆ ಬೇಕು. ಹೆಪ್ಪು ಹಾಕಿ ಮುಚ್ಚಿದೆ.