ಕಪ್ಪು ಪರದೆಯ ನೀಲಿ ಹೆಸರುಗಳು

ಮುಳ್ಳೇರಿಯದ ನಮ್ಮ ಶಾಲೆಯ ಲ್ಯಾಬಿನಲ್ಲಿ ಅರ್ಧಕ್ಕರ್ಧ ಮೌಸ್‌ಗಳು ಕೈಕೊಟ್ಟಿದ್ದವು. ಹಾಗಾಗಿ ಮಕ್ಕಳು ಪ್ರೋಗ್ರಾಂ ಬರೆಯುತ್ತಿದ್ದುದು ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ, ಬರೀ ಕೀಲಿಮಣೆಯಿಂದ ನಡೆಯುವ ಎಡಿಟರಿನಲ್ಲಿ. ತರಬೇತಿಗೆ ಬಂದವರು ಅದನ್ನು ನೋಡಿ ನಗುತ್ತಿದ್ದರು. ನಗಲಿ, ನನಗೇನು. ಲ್ಯಾಬಿನ ಉಸ್ತುವಾರಿ ನನ್ನದು, ಪಾಠ ಗಣಿತದ ಟೀಚರದು. ಅವರು ಕುಂಬಳೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹಿರಿಯರು. ನಿವೃತ್ತಿ ಹತ್ತಿರವಾಗಿದ್ದರೂ ಕಂಪ್ಯೂಟರ್ ಪೀರಿಯಡ್ ಎಂದರೆ ಮೆಟ್ಟಿಲು ಓಡಿಕೊಂಡೇ ಹತ್ತುತ್ತಿದ್ದರು.

ಒಂದು ದಿನ ಅವರು ಕ್ಲಾಸ್ ಮುಗಿಸಿ ನನ್ನ ಪಕ್ಕ ಕುಸಿದು ಕೂತರು.

"ಈ ಕ್ಲಾಸು ಇನ್ನು ನೀನೇ ತೆಗೆದುಕೋ ಮಾರಾಯ್ತಿ. ನನ್ನ ಕಣ್ಣು ಹೋಯ್ತು."

"ಎಂತ ಟೀಚರೇ, ಏನೂ ಕಾಣುವುದಿಲ್ವಾ?"

"ಬೇರೆ ಎಲ್ಲ ಕಾಣ್ತದೆ. ಮಕ್ಕಳ ಹೆಸರು ಮಾತ್ರ ಕಾಣುವುದಿಲ್ಲ."

ಪ್ರತಿ ಪ್ರೋಗ್ರಾಮಿನ ತಲೆಯಲ್ಲಿ ಹ್ಯಾಶ್ ಗುರುತು ಹಾಕಿ ಮಕ್ಕಳು ತಮ್ಮ ಹೆಸರು ಬರೆಯಬೇಕೆಂಬುದು ಅವರದೇ ನಿಯಮ. ಹ್ಯಾಶ್ ಇರುವ ಗೆರೆಯನ್ನು ಕಂಪ್ಯೂಟರ್ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದಿರುವುದು ಓದುವ ಮನುಷ್ಯರಿಗೆ. ಕಣ್ಣಿನ ಡಾಕ್ಟರು ತೊಂದರೆ ಏನೂ ಇಲ್ಲ ಎಂದಿದ್ದರು. ಇವರು ನಂಬಿರಲಿಲ್ಲ. ಆ ಕ್ಲಾಸು ಬಿಟ್ಟರೆ ಅವರ ಜೀವ ಅರ್ಧವಾಗುತ್ತದೆಂದು ನನಗೆ ಗೊತ್ತಿತ್ತು.

ಪರದೆ ನೋಡಿದೆ. ಹ್ಯಾಶ್ ಗೆರೆಗಳಿಗೆ ಮಾತ್ರ ಕಪ್ಪಿನ ಮೇಲೆ ಕಡುನೀಲಿ ಅಕ್ಷರ! ಕಂಪ್ಯೂಟರುಗಳಿಗೆ ಹೊಸದಾಗಿ ಸಿಸ್ಟಮ್ ಹಾಕಿದ ಮೇಲೆ ಎಡಿಟರು ಹಿನ್ನೆಲೆ ಬಿಳಿಯೆಂದು ತಿಳಿದು ಬಣ್ಣ ಆರಿಸಿಕೊಂಡಿತ್ತು. ಹಿನ್ನೆಲೆ ಕಪ್ಪು ಎಂದು ಒಂದು ಆಜ್ಞೆ ಕೊಟ್ಟೆ. ಹೆಸರು ಬೆಳ್ಳಗೆ ಮೂಡಿತು. ಅಷ್ಟರಲ್ಲಿ ಬೆಲ್ ಹೊಡೆಯಿತು, ವಿವರಿಸಲು ಆಗಲಿಲ್ಲ.

ಮರುದಿನ ಟೀಚರ್ ನಗುತ್ತಾ ಬಂದರು. "ಮನೆಯ ದೈವಕ್ಕೆ ಬೆಳ್ಳಿಕಣ್ಣು ಒಪ್ಪಿಸ್ತೇನೆ ಅಂತ ಹೇಳಿಕೊಂಡಿದ್ದೆ. ನಿನ್ನೆಯೇ ಕಂಡಿತು ನೋಡು!" ಎಂದು ಕಂಪ್ಯೂಟರ್ ತೆರೆದರು. ಮತ್ತೆ ಕಡುನೀಲಿ. ಅವರ ಮುಖ ಸಣ್ಣದಾಯಿತು.

"ಹರಕೆ ತಡವಾಯ್ತು ಅಂತ ಕೋಪ ಬಂದಿರಬೇಕು."

ನನಗೆ ನಗು ತಡೆಯಲಾಗಲಿಲ್ಲ. ಬಾಯಿಮಾತಿನ ಹಾಗೆ ಕೊಟ್ಟ ಆಜ್ಞೆ ಎಡಿಟರ್ ಮುಚ್ಚಿದೊಡನೆ ಮರೆತುಹೋಗುತ್ತದೆ, ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದಿಟ್ಟರೆ ಮಾತ್ರ ಉಳಿಯುತ್ತದೆ ಎಂದೆ. ಅವರು ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು. ಬೆಳ್ಳಿಕಣ್ಣನ್ನಂತೂ ಆ ವಾರವೇ ಒಪ್ಪಿಸಿಬಿಟ್ಟರು.

ನಾನು ಆ ಆಜ್ಞೆಯನ್ನು ಎಲ್ಲ ಕಂಪ್ಯೂಟರುಗಳಲ್ಲೂ ಬರೆದಿಟ್ಟೆ. ಜೊತೆಗೆ ಗೆರೆಗಳಿಗೆ ನಂಬರು, ಹುಡುಕಿದ ಪದಕ್ಕೆ ಹಳದಿ ಬಣ್ಣ, ಹುಡುಕುವಾಗ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರದ ಭೇದ ಬೇಡವೆಂದೂ ಸೇರಿಸಿದೆ.

ಮುಂದಿನ ಕ್ಲಾಸಿನಲ್ಲಿ ಟೀಚರ್ ಮೊದಲ ಸಾಲಿನಿಂದ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾ ಬಂದರು. ಒಬ್ಬಳು ಹುಡುಗಿಯ ಹಳೆಯ ಪ್ರೋಗ್ರಾಮಿನಲ್ಲಿ ಹೆಸರಿನ ಕೆಳಗೆ ಇನ್ನೊಂದು ಹ್ಯಾಶ್ ಗೆರೆಯಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: ಟೀಚರ ಕಣ್ಣು ಬೇಗ ಸರಿಯಾಗಲಿ.

"ಇದು ಯಾವಾಗ ಬರೆದದ್ದು?"

"ನೀವು ಹೆಸರು ಕಾಣುವುದಿಲ್ಲ, ಬಾಯಲ್ಲಿ ಹೇಳಿ ಅಂದಿರಲ್ಲ, ಆವತ್ತು. ಎಲ್ಲರೂ ಬರೆದಿದ್ದೇವೆ ಟೀಚರ್. ನಿಮಗೆ ಕಾಣುವುದಿಲ್ಲ ಅಂತ ಧೈರ್ಯ."

ನಾನು ಪಕ್ಕದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ 'ಕಣ್ಣು' ಎಂದು ಹುಡುಕಿದೆ. ಹಳದಿ ಹೊತ್ತಿತು. ಅದರಾಚೆಯದರಲ್ಲೂ. ಒಬ್ಬ ದೊಡ್ಡಕ್ಷರದಲ್ಲಿ ಬರೆದಿದ್ದ, ಅದೂ ಸಿಕ್ಕಿತು.

ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಒರೆಸಿದರು.

"ಉಳಿದದ್ದು ನೀನೇ ಓದು ಮಾರಾಯ್ತಿ," ಎಂದರು. "ನನಗೆ ಕಾಣುವುದಿಲ್ಲ."