ಮೈಕಿನ ಎರಡು ಟೋಪಿಗಳು

ಮಸ್ಕಿಯ ಒಂದು ಪುಟ್ಟ ರೇಡಿಯೋ ನಿಲಯದಲ್ಲಿ ನಾನು ನಾಲ್ಕು ವರ್ಷ ಮಾತಾಡುವ ಕೆಲಸ ಮಾಡಿದೆ. ಬಾಯಿ ತೆರೆಯಬೇಕಾದ ಹೊತ್ತಿನಲ್ಲಿ ಮಾತ್ರ ತೆರೆಯಲಿಲ್ಲ. ಅದನ್ನು ನೆನೆದರೆ ಈಗಲೂ ಬಾಯಿ ಹುಳ್ಳಗಾಗುತ್ತದೆ.

ನಿಲಯ ಅಂದರೆ ಗೊಬ್ಬರ, ಬೀಜ ಮಾರುವ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಯಂತ್ರಗಳ ಮುಂದೆ ನಾನು, ಇನ್ನೊಂದರಲ್ಲಿ ಹಾಡಲು ಬಂದವರು, ನಡುವೆ ಗಾಜು. ಮೆಟ್ಟಿಲಿನ ಮೂಲೆಗಳಲ್ಲೆಲ್ಲ ಗುಟ್ಕಾ ಉಗುಳಿದ ಕಲೆ. ಕೆಳಗಿನ ಅಂಗಡಿಯಿಂದ ಕ್ರಿಮಿನಾಶಕದ ವಾಸನೆ ಮೇಲಕ್ಕೆ ಬರುತ್ತಿತ್ತು. ನಾನು ಲಿಂಗಸುಗೂರಿನಿಂದ ದಿನಾ ಬಸ್ಸಿಗೆ ಬಂದು, ಮೂಗಿಗೆ ಸೆರಗು ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ನಮ್ಮ ದನಿ ಸಂತೆಕಲ್ಲೂರಿನ ಕಡೆ ಚೆನ್ನಾಗಿಯೇ ಕೇಳುತ್ತಿತ್ತು. ಸಿಂಧನೂರಿನ ದಿಕ್ಕಿಗೆ ಗೊರೇಬಾಳದವರೆಗೆ, ಅದೃಷ್ಟವಿದ್ದರೆ, ಕರಕರ ಅನ್ನುತ್ತ ಮುಟ್ಟುತ್ತಿತ್ತು.

ಆ ನಿಲಯದಿಂದ ಒಳ್ಳೆಯದಾಗಿದ್ದನ್ನು ಮುಚ್ಚಿಡುವುದಿಲ್ಲ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ತೊಗರಿಗೆ ಯಾವ ಹುಳ ಬಿದ್ದಿದೆ, ಯಾರ ಎಮ್ಮೆ ಕಳೆದಿದೆ, ಇವನ್ನೆಲ್ಲ ನಾವು ಹೇಳುತ್ತಿದ್ದೆವು, ಜನ ಕೇಳುತ್ತಿದ್ದರು. ನಾಟಿ ಮಾಡುವ ಹೆಣ್ಣುಮಕ್ಕಳು ಬದುವಿನ ಮೇಲೆ ಫೋನು ಇಟ್ಟು ಅದಕ್ಕೆ ಆಂಟೆನಾ ಎಂದು ಇಯರ್‌ಫೋನಿನ ವೈರು ಚುಚ್ಚಿ ಸ್ಪೀಕರು ಹಚ್ಚುತ್ತಿದ್ದರು. ಮಂಗಳವಾರ ಬೆಳಿಗ್ಗೆ ಹತ್ತರಿಂದ ಒಂದು ತಾಸು ಸುತ್ತಲಿನ ಊರುಗಳ ಹಾಡುಗಾರರಿಗೆ. ತತ್ವಪದದವರು, ಸೋಬಾನೆ ಪದದವರು, ಶಹನಾಯಿಯವರು, ಮೊಹರಮ್ಮಿನ ಪದ ಕಟ್ಟುವವರು ಬರುತ್ತಿದ್ದರು. ರೇಡಿಯೋದಲ್ಲಿ ಹಾಡಿದವರನ್ನು ಊರಲ್ಲಿ ಬೇರೆ ಕಣ್ಣಿನಿಂದ ನೋಡುತ್ತಿದ್ದರು. ಮದುವೆಯಲ್ಲಿ ಹಿಂದೆ ಕೂಡಿಸುತ್ತಿದ್ದ ಶಹನಾಯಿಯವನನ್ನು ಮುಂದೆ ಕರೆದು ಕೂಡಿಸಿದರಂತೆ. ಅವನೇ ಬಂದು ಹೇಳಿ ನಕ್ಕಿದ್ದ.

ಆ ಹಾಡುಗಾರರಲ್ಲಿ ಎಲ್ಲರಿಗಿಂತ ಮೇಲು ಸಂತೆಕಲ್ಲೂರಿನ ಹೆಣ್ಣುಮಗಳೊಬ್ಬಳು. ಐವತ್ತು ದಾಟಿದ, ಕೂಲಿಗೆ ಕಳೆ ತೆಗೆಯುವ ದಲಿತ ಕೇರಿಯ ಹೆಂಗಸು. ಏಕತಾರಿ ಹಿಡಿದು ತತ್ವಪದ ಎತ್ತಿಕೊಂಡಳೆಂದರೆ ಕೆಳಗಿನ ಅಂಗಡಿಯಲ್ಲಿ ಚೀಲ ಹೊರುವ ಹಮಾಲರು ನಿಂತುಬಿಡುತ್ತಿದ್ದರು. ನಾನು ಅವಳನ್ನು ಯಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು ತಂಗಿ ಅನ್ನುತ್ತಿದ್ದಳು.

ನಿಲಯ ನಡೆಸುತ್ತಿದ್ದದ್ದು ಒಂದು ಟ್ರಸ್ಟು. ಅದರ ಪರವಾಗಿ ಇದ್ದ ಮುಖ್ಯಸ್ಥ ಐವತ್ತರ ಮನುಷ್ಯ, ಸದಾ ಬಿಳಿ ಅಂಗಿ, ಹಣೆ ತುಂಬ ವಿಭೂತಿ. ದಿನಾ ಬೆಳಿಗ್ಗೆ ಹತ್ತು ನಿಮಿಷ ಅವನೇ ಮೈಕಿನ ಮುಂದೆ ಕೂತು, ಮನುಷ್ಯರಲ್ಲಿ ಮೇಲಿಲ್ಲ ಕೀಳಿಲ್ಲ ಎಂದು ಗಂಟಲು ಕಟ್ಟಿಸಿಕೊಂಡು ಹೇಳುತ್ತಿದ್ದ. ಮೊದಲ ವರ್ಷ ಅದನ್ನು ಕೇಳಿ ನನ್ನ ಕಣ್ಣೂ ಒದ್ದೆಯಾಗಿದ್ದುಂಟು.

ಮೈಕಿಗೆ ಸ್ಪಂಜಿನ ಟೋಪಿ ಹಾಕುತ್ತಾರೆ. ಉಸಿರಿನ ಸಪ್ಪಳ ಒಳಗೆ ಹೋಗದಿರಲಿ ಎಂದು. ಕೊರೊನಾ ಕಾಲದಲ್ಲಿ ಬಂದವರಿಗೆಲ್ಲ ಬೇರೆ ಬೇರೆ ಟೋಪಿ ಹಾಕಿ ಆಮೇಲೆ ತೊಳೆದಿಡುತ್ತಿದ್ದೆವು. ರೋಗ ಹೋಯಿತು, ಹರಿದವು ಹರಿದು ಕೊನೆಗೆ ಎರಡು ಉಳಿದವು, ಒಂದು ಕೆಂಪು, ಒಂದು ಕಪ್ಪು. ಮುಖ್ಯಸ್ಥ ನನಗೆ ಹೇಳಿದ: "ಅಕ್ಕಾರ, ಹೊಲದಾಗಿಂದ ಬಂದೋರಿಗೆ ಕರೇದು ಹಾಕ್ರಿ. ಮೈಯಾಗ ಧೂಳು ಇರ್ತೈತಿ, ಎಲಿ ಅಡಿಕಿ ಹಾಕಿರ್ತಾರ. ಡಾಕ್ಟರು, ಆಫೀಸರು ಬಂದಾಗ ಕೆಂಪಂದು ಹಾಕ್ರಿ."

ಸ್ವಚ್ಛತೆಯ ಮಾತಲ್ಲವೇ, ಆಯ್ತು ಸರ್ ಅಂದೆ. ಮಂಗಳವಾರ ಕಪ್ಪು ಹಾಕುತ್ತಿದ್ದೆ, ಉಳಿದ ದಿನ ಕೆಂಪು. ಎಷ್ಟೋ ತಿಂಗಳು ಹಾಗೇ ನಡೆಯಿತು.

ಒಂದು ದಿನ ಕಾಲುವೆ ನೀರಿನ ಬಗ್ಗೆ ಮಾತಾಡಲು ಗೊರೇಬಾಳದ ಕಡೆಯ ದೊಡ್ಡ ರೈತರೊಬ್ಬರು ಬಂದರು. ನೇರ ಗದ್ದೆಯಿಂದ ಬಂದಿದ್ದರು, ಮೊಣಕಾಲವರೆಗೆ ಕೆಸರು, ಬಾಯಿ ತುಂಬ ತಂಬಾಕು. ನಾನು ಕಪ್ಪು ಟೋಪಿ ಕೈಗೆ ತಗೊಂಡೆ. ಮುಖ್ಯಸ್ಥ ಓಡಿ ಬಂದು ನನ್ನ ಕೈಯಿಂದ ಕಸಿದ. "ಅದಲ್ರೀ, ಕೆಂಪಂದು, ಕೆಂಪಂದು!" ಅದೇ ವಾರ ಲಿಂಗಸುಗೂರಿನ ಶಾಲಾ ಮಾಸ್ತರರೊಬ್ಬರು ಹಾಡಲು ಬಂದರು. ಇಸ್ತ್ರಿ ಅಂಗಿ, ತಲೆಗೆ ಎಣ್ಣೆ, ಜೇಬಿನಲ್ಲಿ ಮಡಿಸಿದ ಕರ್ಚೀಫು, ನಮ್ಮೆಲ್ಲರಿಗಿಂತ ಚೊಕ್ಕ. ಧೂಳಿಲ್ಲದವರೆಂದು ನಾನು ಕೆಂಪನ್ನು ಕೈಗೆ ತಗೊಂಡಿದ್ದೆ. ಅವರು ಯಾವ ಓಣಿಯವರೆಂದು ಮುಖ್ಯಸ್ಥ ಮಾತಿನಲ್ಲೇ ಮೆಲ್ಲಗೆ ಕೇಳಿ ತಿಳಿದುಕೊಂಡ. ಆಮೇಲೆ ಗಾಜಿನ ಆಚೆಯಿಂದ ನನ್ನ ಕಡೆ ತಿರುಗಿ ತುಟಿ ಅಲ್ಲಾಡಿಸಿದ: "ಕರೇದು."

ಅವತ್ತು ಎಲ್ಲರೂ ಹೋದ ಮೇಲೆ ಆ ಕಪ್ಪು ಟೋಪಿಯನ್ನು ಮೂಗಿನ ಹತ್ತಿರ ತಂದು ನೋಡಿದೆ. ಎಂಜಲು, ತಂಬಾಕು, ಬೆವರು ಕೂಡಿ ಹುಳಿತು ಹೋದ ನಾತ. ಕೆಂಪನ್ನು ಶನಿವಾರಕ್ಕೊಮ್ಮೆ ಶಾಂಪೂ ಹಾಕಿ ತೊಳೆದು ಕಿಟಕಿಯಲ್ಲಿ ಒಣಗಿಸುವವಳು ನಾನೇ. ಕಪ್ಪನ್ನು ತೊಳೆ ಎಂದು ಯಾರೂ ಹೇಳಿರಲಿಲ್ಲ, ನನಗೂ ತೋಚಿರಲಿಲ್ಲ. ಅಷ್ಟು ಜನ ಹಾಡುಗಾರರು ಆ ಕೊಳಕಿಗೆ ತುಟಿ ಹಚ್ಚಿ ದೇವರ ಪದ ಹಾಡಿದ್ದರು, ನಾನು ಗಾಜಿನ ಆಚೆ ತಲೆದೂಗಿದ್ದೆ. ಅವತ್ತು ಅದನ್ನು ಸೋಪು ಹಾಕಿ ಮೂರು ಸಲ ತೊಳೆದೆ. ಆಮೇಲೆ ಮತ್ತೆ ಅದೇ ಮೈಕಿಗೇ ಹಾಕಿದೆ. ಜಗಳ ಮಾಡಲಿಲ್ಲ, ಕೆಲಸ ಬಿಡಲಿಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಯ ಹಿತ್ತಲ ಗೋಡೆಯ ಮೇಲೆ ಕೂಲಿಯವರಿಗೆಂದು ಇಡುತ್ತಿದ್ದ ಲೋಟ ನೆನಪಾಯಿತು. ಅದು ಯಾಕೆ ಬೇರೆ ಎಂದೂ ನಾನು ಯಾವತ್ತೂ ಕೇಳಿರಲಿಲ್ಲ.

ಒಂದು ಮಂಗಳವಾರ ಬೆಂಗಳೂರಿನಿಂದ ನಿಲಯ ನೋಡಲು ಅತಿಥಿಗಳು ಬಂದರು, ಒಬ್ಬ ಹೆಣ್ಣುಮಗಳು, ಇಬ್ಬರು ಗಂಡಸರು. ಒಳ್ಳೆಯ ವರದಿ ಬರೆದರೆ ಟ್ರಸ್ಟಿಗೆ ಹೆಸರು ಬರುತ್ತದೆ ಎಂದು ಮುಖ್ಯಸ್ಥ ಎರಡು ದಿನದಿಂದ ನೆಲ ಒರೆಸಿಸುತ್ತಿದ್ದ. ಸಂತೆಕಲ್ಲೂರಿನ ಯಕ್ಕನಿಗೆ ಹೇಳಿ ಕಳಿಸಿದ್ದ. ಅವಳು ಕೂಲಿ ಬಿಟ್ಟು, ತೊಳೆದ ಸೀರೆ ಉಟ್ಟು, ಟಂಟಂ ಆಟೋದಲ್ಲಿ ಬಂದಳು. ಮುಖ್ಯಸ್ಥ ಅವಳಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡ. ಕೈ ಅವಳ ಹೆಗಲಿಗೆ ತಾಗದಂತೆ ಶಾಲನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟದ್ದನ್ನು ನಾನು ನೋಡಿದೆ. "ಇವರು ನಮ್ಮ ತಾಯಿ ಇದ್ದಂಗ್ರಿ ಮೇಡಂ," ಅಂದ. ನನ್ನ ಹತ್ತಿರ ಬಂದು ಪಿಸುಗುಟ್ಟಿದ: "ಇವತ್ತು ಕೆಂಪಂದು ಹಾಕ್ರಿ, ಫೋಟೋದಾಗ ಚಲೋ ಕಾಣ್ತೈತಿ. ಆಮ್ಯಾಲ ಒಗದುಬಿಡ್ರಿ, ಹೊಸಾದು ತರಸ್ತೀನಿ."

ನಾನು ಕೆಂಪು ಹಾಕಿದೆ.

ಕಾರ್ಯಕ್ರಮ ನೇರ ಪ್ರಸಾರ. ಯಕ್ಕ ಎರಡು ಪದ ಹಾಡಿದಳು. ಬೆಂಗಳೂರಿನ ಹೆಣ್ಣುಮಗಳು ಅವಳ ಪಕ್ಕ ಕೂತು ಕೇಳಿದಳು: "ಅಮ್ಮಾ, ಇಲ್ಲಿಗೆ ಬಂದು ಹಾಡೋದು ನಿಮಗೆ ಹೇಗನ್ನಿಸುತ್ತೆ?"

"ಹಾಡಾಕ ಚಲೋ ಅನಸ್ತೈತ್ರಿ," ಅಂದಳು ಯಕ್ಕ, ಮೆತ್ತಗೆ, ಮನೆಯಲ್ಲಿ ಕೂತು ಮಾತಾಡಿದ ಹಾಗೆ. "ನಮ್ಮ ಮಂದಿ ಹೊಲದಾಗ ಕೇಳ್ತಾರ. ಆದ್ರ ಇವತ್ತ ಒಂದು ಹೊಸಾದು ನೋಡಿದೆ. ಇಲ್ಲಿ ಎರಡು ಟೋಪಿ ಅದಾವ. ಕೆಂಪಂದು ದೊಡ್ಡೋರಿಗೆ, ಕರೇದು..."

ಮುಖ್ಯಸ್ಥ ನನ್ನ ಬೆನ್ನ ಹಿಂದೆಯೇ ಇದ್ದ. "ತಗೀರಿ! ತಗೀರಿ!" ಅಂದ. ನನ್ನ ಕೈ ಮೈಕಿನ ಗುಂಡಿಯನ್ನು ಕೆಳಕ್ಕೆಳೆಯಿತು. ಕೈ ಅಂದರೆ ತಪ್ಪನ್ನು ಕೈಯ ಮೇಲೆ ಹಾಕಿದಂತಾಗುತ್ತದೆ. ಎಳೆದವಳು ನಾನು. ಎಳೆದು, ಬೀಜದ ಜಾಹೀರಾತೊಂದನ್ನು ಹಚ್ಚಿದೆ. ಗಾಜಿನ ಆಚೆ ಯಕ್ಕ ಇನ್ನೂ ಮಾತಾಡುತ್ತಿದ್ದಳು. ಅವಳ ತುಟಿ ಕಾಣುತ್ತಿತ್ತು, ಹೊರಗೆ ಹತ್ತಿ ಬೀಜದ ಹಾಡು ಕುಣಿಯುತ್ತಿತ್ತು.

ಪಕ್ಕದಲ್ಲೇ ಕೂತಿದ್ದ ಅತಿಥಿಗೆ ಎಲ್ಲವೂ ಕೇಳಿಸಿತ್ತು. ಹೊರಗೆ ಬಂದು "ಟೋಪಿ ಅಂದರೆ ಏನು?" ಎಂದು ಕೇಳಿದಳು. "ಸ್ವಚ್ಛತಾ ನಿಯಮ ಮೇಡಂ, ಕೊರೊನಾದಿಂದ," ಅಂದ ಮುಖ್ಯಸ್ಥ. ಅವಳು ತಲೆಯಾಡಿಸಿ, ಊಟದ ವ್ಯವಸ್ಥೆ ಎಲ್ಲಿ ಎಂದು ಕೇಳಿದಳು. ಓದಿದವಳು, ದೂರದಿಂದ ನಮ್ಮನ್ನು ಅಳೆಯಲು ಬಂದವಳು. ಅವಳಿಗೆ ಅಷ್ಟು ಸಾಕಾಯಿತು.

ಯಕ್ಕ ಎದ್ದು ನಿಂತು ಗಾಜಿನ ಮೂಲಕ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿ ಯಂತ್ರದ ದೀಪ ನೋಡಿದೆ. ತಲೆ ಎತ್ತಿದಾಗ ಶಾಲು ಕುರ್ಚಿಯ ಮೇಲಿತ್ತು, ಅವಳು ಇರಲಿಲ್ಲ.

ಮಧ್ಯಾಹ್ನದಿಂದ ಫೋನು ಶುರುವಾದವು. "ಯಕ್ಕ ಏನೋ ಹೇಳಾಕತ್ತಿದ್ಲು, ನಡಕ ಯಾಕ ತಗದ್ರಿ?" "ಕರೇ ಟೋಪಿ ಯಾರಿಗ್ರಿ?" ತಾಂತ್ರಿಕ ತೊಂದರೆ ಎಂದು ನಾನು ಎಲ್ಲರಿಗೂ ಹೇಳಿದೆ. ಒಬ್ಬ ಅಜ್ಜ ಮಾತ್ರ "ಸುಳ್ಳ ಹೇಳಬ್ಯಾಡವ್ವಾ" ಎಂದು ಫೋನು ಇಟ್ಟ.

ಮುಂದಿನ ಮಂಗಳವಾರ ಯಾರೂ ಬರಲಿಲ್ಲ. ಅದರ ಮುಂದಿನ ಮಂಗಳವಾರವೂ ಇಲ್ಲ. ಶಹನಾಯಿಯವನಿಗೆ ಫೋನು ಮಾಡಿದರೆ ಮೈಯಲ್ಲಿ ಹುಷಾರಿಲ್ಲ ಅಂದ, ಮಾಸ್ತರರು ಫೋನೇ ಎತ್ತಲಿಲ್ಲ. "ಅಕೀದು ಹಳೇ ರೆಕಾರ್ಡಿಂಗ್ ಅದಾವಲ್ಲ, ಹಚ್ರಿ," ಅಂದ ಮುಖ್ಯಸ್ಥ. ನಾನು ಹಚ್ಚಿದೆ. ಮಾತು ಕತ್ತರಿಸಿ ಓಡಿಸಿದವಳ ಹಾಡನ್ನು, ಅವಳನ್ನು ಕೇಳದೆ, ಅವಳ ಹೆಸರಿಗೆ ಹೊಗಳಿಕೆ ಸೇರಿಸಿ ಹಚ್ಚಿದೆ.

ಭಾನುವಾರ ಸಂತೆಕಲ್ಲೂರಿಗೆ ಹೋದೆ. ಊರ ಹೊರಗೆ ತೊಗರಿ ಹೊಲದಲ್ಲಿ ಅವಳು ಇನ್ನೂ ಐದಾರು ಹೆಂಗಸರ ಜೊತೆ ಕಳೆ ತೆಗೆಯುತ್ತಿದ್ದಳು. ನನ್ನನ್ನು ನೋಡಿ ಕುಡುಗೋಲು ಕೆಳಗಿಟ್ಟು ಬದುವಿಗೆ ಬಂದಳು. ಸಿಟ್ಟು ಕಾಣಲಿಲ್ಲ. ಅದು ನನಗೆ ಹೆಚ್ಚು ಕಷ್ಟವಾಯಿತು.

"ನಂದು ತಪ್ಪಾತು ಯಕ್ಕ," ಅಂದೆ. "ನಿನಗ ಮೊದಲ ಗೊತ್ತಿತ್ತೇನು, ಟೋಪಿದು?"

"ಮೊದಲನೇ ದಿನಾನ ಗೊತ್ತಾಗಿತ್ತು ತಂಗಿ. ಅದರ ವಾಸನಿ ನಿನಗ ಬರ್ಲಿಕ್ಕಿಲ್ಲ, ನನ್ನ ಬಾಯಿ ಮುಂದ ಇತ್ತಲ್ಲ. ಚಾದಂಗಡ್ಯಾಗ ನೋಡೀವಿ, ಗುಡಿ ಮುಂದ ನೋಡೀವಿ. ನಮಗೇನು ಹೊಸಾದಲ್ಲ."

"ಗೊತ್ತಿದ್ದೂ ಯಾಕ ಬರ್ತಿದ್ದಿ?"

"ಹಾಡಾಕ. ಹೊಲದಾಗ ಕೇಳೋರಿಗೆ ಟೋಪಿ ಕಾಣ್ತೈತೇನು? ನನ್ನ ದನಿ ಕೇಳ್ತೈತಿ. ಅದಕ್ಕ ನುಂಗಿಕೊಂಡು ಬರ್ತಿದ್ದೆ." ಕೈಗಂಟಿದ ಮಣ್ಣು ಉದುರಿಸಿಕೊಂಡಳು. "ಅವ ಕರೇದು ಹಾಕಿದ್ದಕ್ಕ ನನಗ ಅಷ್ಟು ಉರೀಲಿಲ್ಲ. ಅವತ್ತ ಬಂದೋರ ಮುಂದ ಕೆಂಪಂದು ಹಾಕಿ ತಾಯಿ ಅಂದ ನೋಡು, ಅದಕ್ಕ ಉರೀತು. ಮತ್ತ ನೀ ಬಾಯಿ ಮುಚ್ಚಿಸಿದಿ."

ನಾನು ಅಳತೊಡಗಿದೆ. ಅವಳಿಗೆ ಅದು ಬೇಡವಾಗಿತ್ತು.

"ಇಲ್ಲಿ ತೊಗರಿ ಮುಂದ ಅತ್ತರ ಏನಾಗ್ತೈತಿ? ಎಲ್ಲಿ ಮುಚ್ಚಿಸೀಯೋ ಅಲ್ಲೇ ಹೇಳು, ನಿನಗ ಆದ್ರ. ಆಗಲಿಲ್ಲಂದ್ರ ಸುಮ್ನ ಮನಿಗೆ ಹೋಗು." ಅಷ್ಟು ಹೇಳಿ ಸಾಲಿಗೆ ಮರಳಿದಳು.

ಮೂರನೆಯ ಮಂಗಳವಾರ, ಮುಖ್ಯಸ್ಥ ಸಿಂಧನೂರಿಗೆ ಹೋಗಿದ್ದ ಹೊತ್ತು, ಹತ್ತು ಗಂಟೆಗೆ ನಾನು ಮೈಕು ತೆರೆದೆ. ಕೆಂಪು ಟೋಪಿ, ಕಪ್ಪು ಟೋಪಿ, ಯಾರಿಗೆ ಯಾವುದು, ಯಾರು ಹೇಳಿದ್ದು, ಯಾರು ಹಾಕಿದ್ದು, ಯಾವುದನ್ನು ತೊಳೆದೆ, ಯಾವುದನ್ನು ತೊಳೆಯಲಿಲ್ಲ, ಸಂತೆಕಲ್ಲೂರಿನ ಯಕ್ಕನ ಮಾತನ್ನು ಎಲ್ಲಿ ಕತ್ತರಿಸಿದೆ, ಎಲ್ಲ ಹೇಳಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಇಷ್ಟು ಸಣ್ಣ ಮಾತಿಗೆ ಇಷ್ಟು ತಿಂಗಳು ಬೇಕಾಯಿತೇ ಎಂದು ನನ್ನ ಮೇಲೆಯೇ ಹೇಸಿಗೆಯಾಯಿತು.

ಮಧ್ಯಾಹ್ನ ಮುಖ್ಯಸ್ಥ ಬಂದ. ಕೂಗಾಡುತ್ತಾನೆ ಅಂದುಕೊಂಡಿದ್ದೆ, ಕೂಗಾಡಲಿಲ್ಲ. ಕುರ್ಚಿ ಎಳೆದು ಕೂತು, "ಅಕ್ಕಾರ, ನೀವೂ ನಮ್ಮೋರ ಅಲ್ಲೇನ್ರಿ?" ಅಂದ. ಬೈದಿದ್ದರೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ. ನಾನು ಬ್ಯಾಗು ತಗೊಂಡು ಕೆಳಗಿಳಿದೆ. ವಾರದೊಳಗೆ ಟ್ರಸ್ಟಿನಿಂದ ಇನ್ನು ಬರಬೇಡ ಎಂಬ ಕಾಗದ ಬಂತು. ಮನೆಯಲ್ಲಿ ಅತ್ತೆ ಎಂಟು ದಿನ ನನ್ನ ಜೊತೆ ಮಾತು ಬಿಟ್ಟರು. ಕೊನೆಗೆ ಬಾಯಿ ಬಿಟ್ಟಾಗ ಕೇಳಿದ್ದು ಒಂದೇ: "ಇದ್ದದ್ದ ಇತ್ತು, ರೇಡಿಯೋದಾಗ ಹೇಳೂದೇನಿತ್ತು?"

ಹಾಡುಗಾರರು ಸುಮ್ಮನಿರಲಿಲ್ಲ. ಯಕ್ಕ, ಮಾಸ್ತರರು, ಶಹನಾಯಿಯವನು, ಎಲ್ಲ ಕೂಡಿ ಹತ್ತು ಹನ್ನೆರಡು ಜನ ಒಂದೇ ಟಂಟಂನಲ್ಲಿ ಮಸ್ಕಿಗೆ ಹೋದರು. ಎಲ್ಲರಿಗೂ ಒಂದೇ ಮೈಕು, ಒಂದೇ ಟೋಪಿ ಇರಬೇಕು, ತಮ್ಮನ್ನು ಕೇಳದೆ ತಮ್ಮ ಹಾಡು ಹಚ್ಚಬಾರದು, ಇಲ್ಲದಿದ್ದರೆ ಮಂಗಳವಾರದ ತಾಸು ಖಾಲಿಯೇ ಇರಲಿ ಅಂದರು. ಹಾಡಿಲ್ಲದ ರೇಡಿಯೋವನ್ನು ಯಾರು ಕೇಳುತ್ತಾರೆ? ಟ್ರಸ್ಟಿನವರು ಒಪ್ಪಿದರು. ಮುಖ್ಯಸ್ಥ ಎಲ್ಲರ ಮುಂದೆ ಕೈಮುಗಿದನಂತೆ. ಅವನ ಕೆಲಸ ಹೋಗಲಿಲ್ಲ. ದಿನಾ ಬೆಳಿಗ್ಗೆ ಅವನದೇ ಹತ್ತು ನಿಮಿಷ, ಅದೇ ಗಂಟಲು, ಅದೇ ಮಾತು. ಮೊನ್ನೆ ಮಸ್ಕಿಗೆ ಹೋದಾಗ ಚಹಾದ ಅಂಗಡಿಯೊಂದರಲ್ಲಿ ಅದು ಕಿವಿಗೆ ಬಿತ್ತು, ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಈಗ ನಾನು ಲಿಂಗಸುಗೂರಿನ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅದೇ ದಿನ ಮಸ್ಕಿಯ ಸಂತೆಯಲ್ಲಿ ಯಕ್ಕ ಸಿಕ್ಕಳು. ಮೆಣಸಿನಕಾಯಿ ಆರಿಸುತ್ತಿದ್ದಳು.

"ಆ ಮನಿಷಾ ಈಗ ಹೆಂಗದಾನ ಯಕ್ಕ?" ಎಂದು ಕೇಳಿದೆ.

"ಬಾಯಾಗಿಂದು ನಿಂತೈತಿ. ಹೊಟ್ಟ್ಯಾಗಿಂದು ಹಂಗ ಐತಿ. ನಾ ಹೋದ ಕೂಡಲೇ ಖುರ್ಚಿ ಒರಸ್ತಾನ, ಎದ್ದ ಮ್ಯಾಲೂ ಒರಸ್ತಾನ."

"ಮತ್ತ ಹೋಗ್ತೀ?"

"ಹೋಗ್ತೀನಿ. ಈ ಸಲ ನನ್ನ ಸಂಗಾಟ ಇನ್ನಿಬ್ಬರು ಹೆಣ್ಣುಮಕ್ಕಳನ್ನೂ ಕರಕೊಂಡು ಹೊಂಟೀನಿ, ಚಲೋ ಹಾಡ್ತಾರ. ಒರಸ್ಲಿ ಬಿಡು, ಅವನ ಕೈ ನೋಯ್ತಾವ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಮೆಣಸಿನಕಾಯಿ ಚೀಲಕ್ಕೆ ಸುರಿದುಕೊಂಡು, ಉಪ್ಪು ತಗೊಳ್ಳುವುದಿದೆ ಎಂದು ಅವಳು ಮುಂದಿನ ಸಾಲಿಗೆ ಹೋದಳು.